ಎರಡು ಮೂಗಿನ ರಾಜ

ಬೇಡ ಅತ್ತಿಗೆ, ಅದೊಂದು ಬೇಡ. ಬೇರೆ ಯಾವುದಾದ್ರೂ ಕೊಡಿ, ಕಣ್ಣಿಗೊತ್ತಿಕೊಂಡು ತಗೊಂಡು ಹೋಗ್ತೀನಿ... ಅಣ್ಣ ಹೇಳಿದ್ರು ಅಂತೀರಿ, ಸರಿ. ಆಸ್ಪತ್ರೆಗೆ ಸೇರೋ ಹಿಂದಿನ ದಿನ ನಿಮ್ಮನ್ನ ಪಕ್ಕದಲ್ಲಿ ಕೂರಿಸ್ಕೊಂಡು, "ಎರಡು ಮೂಗಿನ ರಾಜ ತಮ್ಮನಿಗೇ ಸೇರಬೇಕು" ಅಂದ್ರು ಅಂತೀರಿ. ಇಲ್ಲ ಅಂತ ನಾನೆಲ್ಲಿ ಅಂದೆ? ಅಂದಿರ್ತಾರೆ. ನನಗೆ ಬೇಡ ಅಂತ ಹೇಳ್ತಿದೀನಿ, ಅಷ್ಟೇ.

ಯಾಕೆ ಅಂದ್ರೆ... ಯಾಕೆ ಅಂತ ಏನು ಹೇಳ್ಲಿ. ಅಣ್ಣ ಕೂಡಿಟ್ಟು ಹೋದ ಇಷ್ಟು ನಾಣ್ಯದಲ್ಲಿ ಅವರ ಜೀವ ಅಂತ ಇದ್ದಿದ್ದು ಅದೊಂದೇ. ಮನೇಲೇ ಇರ್ಲಿ. ಮಗಳು ಬರ್ತಾಳಲ್ಲ, ಅವಳಿಗೆ ಕೊಡಿ. ನಾನ್ಯಾರು, ಒಡಹುಟ್ಟಿದವನಾ? ಎದುರುಗಡೆ ಅಂಗಡೀಲಿ ಗಡಿಯಾರ ರಿಪೇರಿ ಮಾಡ್ಕೊಂಡಿದ್ದೆ, ಈ ಕಡೆ ಅವರು ಪ್ರೆಸ್ಸಲ್ಲಿ ಅಕ್ಷರದ ಮೊಳೆ ಜೋಡಿಸ್ತಿದ್ರು. ಮಧ್ಯಾಹ್ನ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಟೀ ಕುಡೀತಿದ್ವಿ. ನಾನು ಅಣ್ಣ ಅಂದೆ, ಅವರು ತಮ್ಮ ಅಂದ್ರು. ಇಷ್ಟೇ ತಾನೇ ಸಂಬಂಧ.

ಅಯ್ಯೋ, ಇದಕ್ಕೇನಾ ಆಗ ಒಳಗೆ ಹೋಗಿದ್ದು? ಟೀ ಬೇಡ ಅತ್ತಿಗೆ. ಈಗ ತಾನೇ ಕುಡಿದು ಬಂದೆ... ಮಾಡೇಬಿಟ್ಟಿದೀರಲ್ಲ. ಇಡಿ, ಆರಲಿ.

ಈ ಪೆಟ್ಟಿಗೆ ನೋಡಿದ್ರೆ ಆ ದಿನಾನೇ ನೆನಪಾಗುತ್ತೆ. ಪ್ರೆಸ್ ಮುಚ್ಚಿದ ದಿನ ಉಳಿದವರೆಲ್ಲ ಬಾಕಿ ಸಂಬಳಕ್ಕೆ ಮಾಲೀಕನ ಬಾಗಿಲಲ್ಲಿ ನಿಂತಿದ್ರೆ, ಇವರು ಮೊಳೆ ಇಡೋ ಈ ಮರದ ಪೆಟ್ಟಿಗೇನ ತಲೆ ಮೇಲೆ ಹೊತ್ಕೊಂಡು ಮನೆಗೆ ಬಂದ್ರು. ಒಂದೊಂದು ಅಕ್ಷರದ ಖಾನೇಲಿ ಒಂದೊಂದು ನಾಣ್ಯ. ಈ ರಾಜನಿಗೆ ಯಾವ ಖಾನೆ ಕೊಟ್ರು, ನೆನಪಿದೆಯಾ? ಙ. "ಮೂವತ್ತು ವರ್ಷದಲ್ಲಿ ಈ ಖಾನೆಗೆ ನಾನು ಮೂರು ಸಲ ಕೈ ಹಾಕಿಲ್ಲ ಕಣೋ, ಯಾರ ಕಾಟಾನೂ ಇಲ್ಲ, ರಾಜ ಆರಾಮಾಗಿ ಮಲಗ್ಲಿ" ಅಂತ. ನೋಡಿ, ನಿಮಗೂ ನಗು ಬಂತು. ಅವರ ಮಾತೇ ಹಾಗೆ.

ಅದು ಸಿಕ್ಕಿದ ಕಥೆ ನಿಮಗೆ ಹೇಳಿರ್ತಾರೆ. ಅವರ ಕಡೆಯಿಂದ ಹೇಳಿರ್ತಾರೆ. ನನ್ನ ಕಡೇದನ್ನೂ ಒಂದ್ಸಲ ಕೇಳಿ.

ಹಳೇ ಬೆಳ್ಳಿ ಕರಗಿಸೋ ಕುಳ್ಳ ಇದ್ನಲ್ಲ, ಬೀದಿ ಕೊನೇಲಿ. ಬೆಂಕಿಗೆ ಹಾಕೋ ಮುಂಚೆ ಡಬ್ಬಾನ ನಮ್ಮ ಮುಂದೆ ಸುರೀತಿದ್ದ. ಮುರಿದ ಸರ, ಚಮಚದ ಹಿಡಿ, ಬಟ್ಟಲಿನ ತುಂಡು... ಅದರ ಮಧ್ಯ ಯಾವಾಗಲೋ ಒಂದು ಹಳೇ ನಾಣ್ಯ. ನಮ್ಮಿಬ್ಬರ ಮಧ್ಯ ಒಂದು ಕರಾರು, ಯಾರ ಕೈ ಮೊದಲು ಎತ್ತುತ್ತೋ ನಾಣ್ಯ ಅವರದು. ಬಾಯಲ್ಲಿ ಹೇಳೋ ಹಾಗಿಲ್ಲ, ಬೆರಳು ತೋರಿಸೋ ಹಾಗಿಲ್ಲ. ಎತ್ತಬೇಕು. ಆ ದಿನ ನಾನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ಬಗ್ಗಿ ನೋಡ್ತಿದ್ದೆ. ಕಂಡೇಬಿಟ್ಟ ರಾಜ. ಎರಡು ಮೂಗು. ಇನ್ನೂ ನೋಡ್ತಾನೇ ಇದೀನಿ, ಪಕ್ಕದಿಂದ ಅವರ ಕೈ ಬಂತು. ಅವರು ನೋಡ್ತಾನೂ ಇರಲಿಲ್ಲ ಅತ್ತಿಗೆ, ಕುಳ್ಳನ ಜೊತೆ ಮಾತಾಡ್ತಾ ಸುಮ್ನೆ ಡಬ್ಬದ ರಾಶೀಲಿ ಬೆರಳಾಡಿಸ್ತಿದ್ರು. ಎತ್ತಿಬಿಟ್ರು. "ಏನೋ ಇದು, ಇವನಿಗೆ ಮೂಗು ಜಾಸ್ತಿ ಇದೆ" ಅಂದ್ರು. ಕಣ್ಣಲ್ಲಿ ಕಂಡಿದ್ದು ನಾನು, ಕೈಯಲ್ಲಿ ಎತ್ತಿದ್ದು ಅವರು. ಇಪ್ಪತ್ತೆರಡು ವರ್ಷ ಆಯ್ತು.

ಹೊಟ್ಟೆಕಿಚ್ಚಾ? ಛೇ, ಛೇ. ನಾನು ಹಾಗಂದ್ನಾ.

ಮಗಳಿಗೆ ಕೊಡೋವಾಗ ಹೇಳಿ, ಇದು ಮಿಷನ್ನಿಂದ ಉದುರಿದ ನಾಣ್ಯ ಅಲ್ಲ. ಮಿಷನ್ನಿನವು ಸಾವಿರ ತಂದ್ರೂ ಒಂದೇ ಮುಖ. ಇದನ್ನ ಒಬ್ಬ ಮನುಷ್ಯ ಕೂತು ಹೊಡೆದಿದ್ದು. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ಮಧ್ಯ ಬೆಳ್ಳಿ ಬಿಲ್ಲೆ, ಸುತ್ತಿಗೇಲಿ ಒಂದೇಟು. ಆರೇಳುನೂರು ವರ್ಷದ ಹಿಂದೆ. ಏಟು ಸರಿಯಾಗಿ ಬೀಳಲಿಲ್ಲ ಅಂತ ಇನ್ನೊಂದು ಏಟು ಕೊಟ್ಟಿದಾನೆ, ಅಷ್ಟರಲ್ಲಿ ಬಿಲ್ಲೆ ಕೂದಲೆಳೆಯಷ್ಟು ಜರುಗಿದೆ. ಅದಕ್ಕೇ ಎರಡು ಮೂಗು. ಅಂಚಲ್ಲೊಂದು ಸೀಳು ಬೇರೆ. "ಅವತ್ತು ಮನೇಲಿ ಹೆಂಡತಿ ಹತ್ರ ಬೈಸ್ಕೊಂಡು ಬಂದಿದ್ದ ಅನ್ಸುತ್ತೆ" ಅಂತಿದ್ರು ಅಣ್ಣ. ಹೀಗೆ ಹೊಡೆದ ನಾಣ್ಯದಲ್ಲಿ ಒಂದರ ಹಾಗೆ ಇನ್ನೊಂದು ಇರಲ್ಲ ಅತ್ತಿಗೆ. ಎಲ್ಲಿ ಹುಡುಕಿದ್ರೂ ಸಿಗಲ್ಲ...

ಕನ್ನಡಕ ಯಾಕೆ ಹಾಕ್ಕೊಂಡ್ರಿ? ಅದೇನದು, ಡ್ರಾಯರಿಂದ ತೆಗೆದಿದ್ದು?

ಓ... ಪ್ರೂಫ್ ಪುಸ್ತಕ.

ಇದು ರದ್ದಿಗೆ ಹೋಯ್ತು ಅಂದ್ಕೊಂಡಿದ್ದೆ. ಅಲ್ಲ, ಮನೆ ಸುಣ್ಣ ಬಣ್ಣ ಆದಾಗ ಎಲ್ಲಾ ಕೊಟ್ಟುಬಿಟ್ವಿ ಅಂತ ನೀವೇ ಅಂದಿದ್ರಿ. ಹೊಸ ನಾಣ್ಯ ಬಂದ್ರೆ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲಲ್ಲಿ ಉಜ್ಜೋರು, ಅಚ್ಚು ಹಾಗೇ ಕಾಗದದ ಮೇಲೆ ಮೂಡೋದು. ಪ್ರೆಸ್ಸಿನ ಚಟ. "ಪ್ರೂಫ್ ತೆಗೀದೆ ಯಾವುದನ್ನೂ ನಂಬಬಾರದು ಕಣೋ" ಅಂತ. ನಾನು ತಮಾಷೆ ಮಾಡ್ತಿದ್ದೆ.

ಅಷ್ಟೊಂದು ಹತ್ರ ಹಿಡಿದು ಏನು ನೋಡ್ತೀರಿ? ಪೆನ್ಸಿಲ್ ಹಳೇದು, ಮಸುಕಾಗಿರುತ್ತೆ... ಹೌದು, ಕಾಗದದಲ್ಲಿ ಎರಡು ಮೂಗಿದೆ. ಇರುತ್ತೆ, ಆಗ ಎರಡಿತ್ತು. ಬೆಳ್ಳಿ ಮೆತ್ತಗಿನ ಲೋಹ ಅತ್ತಿಗೆ. ಇಪ್ಪತ್ತು ವರ್ಷ ದಿನಾ ಬೆರಳಾಡಿಸಿದ್ರೆ ಸವೆಯಲ್ವಾ? ಎದ್ದಿದ್ದ ಮೂಗು ಸವೆದು ಒಂದು ಉಳಿದಿದೆ. ಆಗುತ್ತೆ. ನಾನೇ ನೋಡಿದೀನಿ.

ಏನಾದ್ರೂ ಅನ್ನಿ. ಸುಮ್ನೆ ಆ ಕಾಗದ ನೋಡೋದು, ಈ ನಾಣ್ಯ ನೋಡೋದು... ನಾನು ಮುಟ್ಟಿಲ್ಲ ಅತ್ತಿಗೆ, ನಾನು ಅದನ್ನ... ನೀವೇನೂ ಕೇಳಲಿಲ್ಲ. ಹೌದು, ನೀವು ಏನೂ ಕೇಳಲಿಲ್ಲ.

ಸಕ್ಕರೆ ಕಾಯಿಲೇಲಿ ಅಣ್ಣನ ಕಣ್ಣು ಹೋದ್ಮೇಲೆ ಒಂದು ಭಾನುವಾರಾನೂ ನಾನು ತಪ್ಪಿಸ್ಲಿಲ್ಲ, ಅದನ್ನ ನೀವು ಒಪ್ಪಬೇಕು. ಬಂದು, ಪಕ್ಕದಲ್ಲಿ ಕೂತು, ಒಂದೊಂದೇ ನಾಣ್ಯ ಕೈಗಿಡ್ತಿದ್ದೆ. ಅವರು ಬೆರಳಲ್ಲೇ ಹೇಳೋರು, ಇದು ಇಂಥದ್ದು, ಇದು ಅಂಥದ್ದು ಅಂತ. ಮೂವತ್ತು ವರ್ಷ ತಲೆಕೆಳಗಾದ ಅಕ್ಷರಾನ ಮುಟ್ಟಿ ಓದಿದ ಬೆರಳು. "ಎರಡು ಕಣ್ಣು ಹೋದ್ರೆ ಹೋಗ್ಲಿ, ಇಲ್ಲಿ ಹತ್ತಿದೆ" ಅಂತ ಎರಡೂ ಕೈ ಎತ್ತಿ ತೋರಿಸೋರು. ಬಟಾಣಿ ಸುಲಿದುಕೊಡೋರು ನಿಮಗೆ. ಗುಂಡಿ ಹಾಕ್ಕೊಳ್ಳೋರು, ಉಗುರು ಕತ್ತರಿಸ್ಕೊಳ್ಳೋರು. ಒಬ್ಬರ ಹಂಗಿರಲಿಲ್ಲ.

ಕೊನೇಲಿ ರಾಜನ್ನ ತಗೊಂಡು, ಅಂಗೈಲಿಟ್ಕೊಂಡು, ನಾನು ಹೋಗೋವರೆಗೂ ಬಿಡ್ತಿರಲಿಲ್ಲ. ನಾನು ಎದುರಿಗೆ ಕೂತು ನೋಡ್ತಿದ್ದೆ. ಕಣ್ಣಿಲ್ಲದವರ ಕೈಲಿ ಎರಡು ಮೂಗು ಇದ್ದೇನು, ಒಂದಿದ್ದೇನು ಅಂತ... ಹಾಗೆ ಅನ್ಸಿತು ನನಗೆ. ಹೌದು, ಅನ್ಸಿತು. ಮೊದಲು ಕಂಡಿದ್ದು ನಾನಲ್ವಾ ಅಂತಾನೂ ಅನ್ಸಿತು.

ಅದೇ ರಾಜನ ಇನ್ನೊಂದು ನಾಣ್ಯ ನನ್ನ ಹತ್ರ ಇತ್ತು. ಒಂದೇ ಏಟಿನದು, ನೋಡೋಕೆ ಇದಕ್ಕಿಂತ ಚೊಕ್ಕ. ಬೇರೆ ಯಾರಾದ್ರೂ ಆದ್ರೆ ಅದನ್ನೇ ತಗೋತಿದ್ರು. ಒಂದಕ್ಕೊಂದು ಬದಲು ತಾನೇ ಅಂತ ಸಮಾಧಾನ ಹೇಳ್ಕೊಂಡೆ. ಅಂಗಡಿ ಬಾಗಿಲು ಎಳ್ಕೊಂಡು, ಗಡಿಯಾರ ರಿಪೇರಿಯ ಸಣ್ಣ ಗರಗಸದಲ್ಲಿ ಅಂಚಿಗೆ ಒಂದು ಸೀಳು ಕೊಯ್ದೆ. ಅದೇ ಜಾಗ, ಅದೇ ಉದ್ದ. ಆರುನೂರು ವರ್ಷದಿಂದ ಯಾರೂ ಗಾಯ ಮಾಡದೇ ಇದ್ದ ನಾಣ್ಯ ಅದು. ನಾನು ಮಾಡಿದೆ. ಆ ಭಾನುವಾರ ಇಲ್ಲಿಗೆ ಬಂದಾಗ ನೀವು ಒಳಗೆ ಟೀ ಮಾಡ್ತಿದ್ರಿ. ಅಣ್ಣ ನನ್ನ ಎದುರಿಗೇ ಕೂತಿದ್ರು ಅತ್ತಿಗೆ, ಮುಖ ನನ್ನ ಕಡೆಗೇ ಇತ್ತು. ಮೊಮ್ಮಗುಗೆ ಹಲ್ಲು ಬಂದ ವಿಷಯ ಏನೋ ಹೇಳ್ತಿದ್ರು. ನಾನು ಹೂಂಗುಟ್ತಾ ಬದಲಾಯಿಸಿದೆ.

ಕೈಗಿಟ್ಟೆ. ಒಂದ್ಸಲ ಬೆರಳಾಡಿಸಿದ್ರು. ಬೆರಳು ನಿಲ್ಲಿಸಿದ್ರು. ಇನ್ನೊಂದ್ಸಲ ಆಡಿಸಿದ್ರು. "ತಮ್ಮ, ಇದೇನೋ ಸೀಳು ಚುಚ್ಚುತ್ತೆ" ಅಂದ್ರು. ಹಳೇ ಸೀಳಿನ ಬಾಯಿ ನಯ ಆಗಿರುತ್ತೆ, ನನ್ನ ಸೀಳು ಹೊಸದು. ಗರಗಸ ಹಿಡಿದವನಿಗೆ ಅಷ್ಟು ಹೊಳೀಲಿಲ್ಲ. ಆಮೇಲೆ ಅಂದ್ರು, "ಇನ್ನೊಂದು ಮೂಗೆಲ್ಲಿ ಹೋಯ್ತೋ?"

ಆಗ್ಲಾದ್ರೂ ನಾನು ನಕ್ಕುಬಿಡಬೇಕಿತ್ತು. ಅಣ್ಣ, ನಿಮ್ಮನ್ನ ಪರೀಕ್ಷೆ ಮಾಡಿದೆ, ನೀವು ಗೆದ್ರಿ ಅಂತ ಜೇಬಿಂದ ತೆಗೆದು ಕೊಟ್ಟುಬಿಡಬಹುದಿತ್ತು. ನಾಲಿಗೆ ತುದೀಲಿತ್ತು ಮಾತು. ಹೇಳಿದ್ದೇ ಬೇರೆ. "ಅದೇ ನಾಣ್ಯ ಅಣ್ಣ, ಎರಡು ಮೂಗೂ ಇದೆ, ನಾನು ನೋಡ್ತಾ ಇದೀನಲ್ಲ. ನಿಮ್ಮ ಬೆರಳೇ ಜೋಮು ಹಿಡಿದಿರಬೇಕು. ಸಕ್ಕರೆ ಕಾಯಿಲೆ ಕಣ್ಣಾದ್ಮೇಲೆ ಬೆರಳಿಗೇ ಬರೋದು" ಅಂದೆ.

ಅವರು ನಾಣ್ಯಾನ ನನ್ನ ಕೈಗೆ ವಾಪಸ್ ಕೊಟ್ರು. ಕೈ ಎರಡೂ ತೊಡೆ ಮೇಲಿಟ್ಕೊಂಡು ಕೂತ್ರು. ನೀವು ಟೀ ತಂದ್ರಿ, ಲೋಟ ಹಿಡಿಯೋಕೂ ಅನುಮಾನ ಮಾಡಿದ್ರು. ಅವತ್ತು ನಿಮ್ಮ ಟೀ ಕುಡಿದವನು ನಾನೊಬ್ಬನೇ.

ಮುಂದಿನ ಭಾನುವಾರ ಬಂದೆ, ನೀವು ಅವರ ಅಂಗಿ ಗುಂಡಿ ಹಾಕ್ತಿದ್ರಿ. ಮಗುಗೆ ಹಾಕೋ ಹಾಗೆ. "ಬೆರಳೂ ಹೋಯ್ತಂತೆ, ತಮ್ಮ ನೋಡಿ ಹೇಳಿದ" ಅಂದ್ರು ಅಣ್ಣ. ತಮ್ಮ ನೋಡಿ ಹೇಳಿದ ಮೇಲೆ ಮುಗೀತು, ಡಾಕ್ಟರನ್ನೂ ಕೇಳಲಿಲ್ಲ. ಆಮೇಲೆ ನಾಣ್ಯ ಮುಟ್ಟಲೇ ಇಲ್ಲ. ಬಟಾಣಿ ಮುಟ್ಟಲಿಲ್ಲ. ಒಂಬತ್ತು ತಿಂಗಳು ನೀವೇ ಗುಂಡಿ ಹಾಕಿದ್ರಿ, ನೀವೇ ತುತ್ತು ಕೊಟ್ರಿ. ನಾನು ಪ್ರತಿ ಭಾನುವಾರ ಬಂದು, ಈ ಕುರ್ಚೀಲೇ ಕೂತು, ಅದನ್ನ ನೋಡ್ಕೊಂಡು ಹೋಗ್ತಿದ್ದೆ. ಈ ಭಾನುವಾರ ಹೇಳ್ತೀನಿ, ಬರೋ ಭಾನುವಾರ ಹೇಳ್ತೀನಿ ಅಂತ... ಭಾನುವಾರಗಳೇ ಮುಗಿದುಹೋದವು.

ಅತ್ತಿಗೆ, ಬೈದುಬಿಡಿ. ಎದ್ದು ಹೋಗು ಅನ್ನಿ, ಹೋಗ್ತೀನಿ.

ಒಂದು ವಿಷಯ ಮಾತ್ರ ಹೇಳಿ. ರಾಜ ತಮ್ಮನಿಗೇ ಸೇರಬೇಕು ಅಂದ್ರಲ್ಲ, ಅಣ್ಣ ಅದನ್ನ ಗೊತ್ತಿದ್ದು ಅಂದ್ರಾ, ಗೊತ್ತಿಲ್ಲದೆ ಅಂದ್ರಾ? ಮಾತಲ್ಲಿ ಕೋಪ ಇತ್ತಾ? ಪ್ರೀತಿ ಇತ್ತಾ? ಅಷ್ಟಾದ್ರೂ...

ಹೇಳಲ್ಲ. ಸರಿ. ನೀವು ಯಾಕೆ ಹೇಳಬೇಕು.

ಇಗೋ, ಅಣ್ಣನ ರಾಜ ಇಲ್ಲಿದಾನೆ. ಒಳ ಜೇಬಲ್ಲಿಟ್ಕೊಂಡೇ ಬಂದೆ. ನೀವು ಅತ್ತ ಇತ್ತ ಹೋದಾಗ ಙ ಖಾನೇಲಿಟ್ಟು, ನಂದನ್ನ ಎತ್ಕೊಂಡು ಹೋಗೋಣ ಅಂತಿದ್ದೆ. ಯಾರಿಗೂ ತಿಳೀದ ಹಾಗೆ. ಬಂದು ನೋಡಿದ್ರೆ ನೀವು ಆಗಲೇ ಅದನ್ನ ತೆಗೆದು ನನಗೋಸ್ಕರ ಮೇಜಿನ ಮೇಲಿಟ್ಟಿದ್ರಿ. ಆದ್ರೂ ನೀವು ಟೀಗೆ ಅಂತ ಒಳಗೆ ಹೋದಾಗ ಟೈಮಿತ್ತು. ಕೈ ಏಳಲಿಲ್ಲ.

ಕನ್ನಡಕ ತೆಗೀರಿ. ಬೇಡ ಅದು. ಕಣ್ಣು ಮುಚ್ಕೊಂಡು ಬೆರಳು ಕೊಡಿ ಇಲ್ಲಿ. ಇದು ಹಣೆ. ಅದರ ಕೆಳಗೆ ಬನ್ನಿ... ಒಂದು. ಅದರ ಪಕ್ಕದಲ್ಲೇ... ಸಿಕ್ತಾ? ನಿಮ್ಮ ಬೆರಳಿಗೇ ಸಿಗ್ತಿದೆ, ಅವರ ಬೆರಳಿಗೆ ಸಿಗಲ್ವಾ.

ಅಣ್ಣನ ಬೆರಳಿಗೆ ಏನೂ ಆಗಿರಲಿಲ್ಲ ಅತ್ತಿಗೆ. ಕೊನೇವರೆಗೂ ಚೆನ್ನಾಗೇ ಇತ್ತು.