ನಾಗಸಂದ್ರದ ಶೆಡ್ಡಿಗೆ ಬಂದ ಕಡಲಾಮೆ

ನಮ್ಮ ಮಹಿಳಾ ಸಣ್ಣ ಕೈಗಾರಿಕೆಗಳ ಸಂಘದ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿರುವ ಶ್ರೀಮತಿ ಮಂಜುಶ್ರೀಯವರೇ, ಕಚೇರಿ ಕೆಲಸ ಬದಿಗಿಟ್ಟು ಮೆಟ್ರೋ ಹತ್ತಿ ಬಂದಿರುವ ವನ್ಯಜೀವಿ ವಿಭಾಗದ ಅಧಿಕಾರಿ ಶಾಂಭವಿ ಮೇಡಂ ಅವರೇ, ಇಂದಿನ ಸನ್ಮಾನಿತೆ, ಮುಡಿ ತುಂಬ ಮಲ್ಲಿಗೆ ಮುಡಿದು ತಲೆ ತಗ್ಗಿಸಿ ಕೂತಿರುವ ನಮ್ಮ ಮಹಾನಂದಾ ಅವರೇ, ಊಟದ ಮನೆಯ ಬಾಗಿಲ ಕಡೆಗೇ ಮುಖ ಮಾಡಿ ಕೂತಿರುವ ಹಿಂದಿನ ಸಾಲಿನ ಸಭಿಕರೇ, ಮುಂದಿನ ಸಾಲಲ್ಲಿ ಮೊಬೈಲ್ ನೋಡುತ್ತಿರುವ ನನ್ನ ಮಗ ಶಿವಶಂಕರನೇ, ತಮ್ಮೆಲ್ಲರಿಗೂ ನಾಗಸಂದ್ರದ ಕೃಷ್ಣಮ್ಮ ಮಾಡುವ ವಂದನೆಗಳು.

ಮಹಾನಂದಾ ಬಗ್ಗೆ ಎರಡು ಮಾತಾಡಿ ಅಂದಿದ್ದಾರೆ ಮಂಜುಶ್ರೀಯವರು. ನನ್ನನ್ನ ಎರಡೇ ಮಾತಿಗೆ ಅಂತ ಕರೆದವರು ಈ ಸೀಮೆಯಲ್ಲಿ ಯಾರಾದರೂ ಬೇಗ ಮನೆಗೆ ಹೋಗಿದ್ದುಂಟಾ? ನಾನು ಹಿಂದೆ ನಗರಸಭೆ ಸದಸ್ಯೆ ಆಗಿದ್ದವಳು. ಮೈಕು ಕೈಗೆ ಸಿಕ್ಕಿ ಎಷ್ಟೋ ಕಾಲ ಆಯ್ತು. ಸ್ವಲ್ಪ ತಾಳಿಕೊಳ್ಳಬೇಕು. ಒಬ್ಬಟ್ಟು ಆರಿ ಹೋಗಲ್ಲ, ಅಡುಗೆಯವರಿಗೆ ಹೇಳಿಯೇ ಬಂದಿದ್ದೀನಿ.

ಮಹಾನಂದಾ ಯಾರು? ವಿಜಯಪುರ ಜಿಲ್ಲೆ, ಇಂಡಿ ತಾಲೂಕಿನ ಕಡೆಯವಳು. ಅಪ್ಪ ಅವ್ವ ಕಟ್ಟಡ ಕೆಲಸಕ್ಕೆ ಬಂದು ನಮ್ಮ ವಠಾರದಲ್ಲಿ ರೂಮು ಹಿಡಿದಾಗ ಇವಳಿನ್ನೂ ಲಂಗ ಹಾಕ್ತಿದ್ದ ಹುಡುಗಿ. ಇಲ್ಲೇ ಪೀಣ್ಯದಲ್ಲಿ ವೆಲ್ಡಿಂಗ್ ಕಲಿತಳು. ಒಂದು ದಿನ ಬಂದು, "ಅಮ್ಮಾರ, ನಿಮ್ಮ ಶೆಡ್ ನನಗ ಬಾಡಿಗಿ ಕೊಡ್ರಿ, ನಾನೇ ಒಂದು ಶಾಪ್ ಇಡ್ತೀನಿ" ಅಂದಳು. ಹೆಂಗಸು ವೆಲ್ಡಿಂಗ್ ಶಾಪ್ ಇಡ್ತಾಳಂತೆ ಅಂತ ನಮ್ಮ ಮನೇಲಿ ಎಲ್ಲಾ ನಕ್ಕರು. ನಾನು ಕೊಟ್ಟೆ. ಯಾಕೆ ಕೊಟ್ಟೆ? ನಕ್ಕವರ ಮುಖ ಮುಂದೆ ಎಂಗಾಗುತ್ತೆ ನೋಡೋಣ ಅಂತಲೇ ಕೊಟ್ಟೆ.

ಅವಳು ಕಿಟಕಿ ಗ್ರಿಲ್ಲು, ಗೇಟು, ಮೆಟ್ಟಿಲ ಕಂಬಿ ಮಾಡ್ತಿದ್ದಳು. ನಾನು ದಿನಾ ಬೆಳಿಗ್ಗೆ ಶೆಡ್ಡಿಗೆ ಹೋಗಿಬರ್ತೀನಿ. ಕರೆಂಟ್ ಮೀಟರ್ ನೋಡ್ಕೊಂಡು ಬರ್ತೀನಿ ಅಂತ ಮನೇಲಿ ಹೇಳಿ ಹೋಗ್ತೀನಿ. ಮೀಟರಲ್ಲಿ ದಿನಾ ನೋಡೋ ಅಂಥದ್ದೇನಿರುತ್ತೆ ಅಂತ ನೀವು ಕೇಳಬಹುದು. ಏನೂ ಇರಲ್ಲ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಇರುತ್ತೆ. "ಬರ್ರಿ ಅಮ್ಮಾರ, ಕುಂದರ್ರಿ" ಅನ್ನೋರು ಇರ್ತಾರೆ. ನಮ್ಮ ಮನೆ ಮೂರು ಮಹಡಿ, ಮಹಡಿಗೊಂದು ಟಿವಿ. ಮಾತಾಡಬೇಕು ಅಂದ್ರೆ ಶೆಡ್ಡಿಗೇ ಹೋಗಬೇಕು. ಇದನ್ನೆಲ್ಲ ಇಲ್ಲಿ ಹೇಳಬೇಕು ಅಂತಿರಲಿಲ್ಲ, ಬಾಯಿಗೆ ಬಂತು. ಇರಲಿ, ವಿಷಯಕ್ಕೆ ಬರ್ತೀನಿ.

ಹೋದ ವರ್ಷ ಕಾರವಾರದ ಕಡೆಯ ಮೀನುಗಾರರ ಸಂಘದವರು ಒಂದು ಸೊಟ್ಟಗಾದ ಕಬ್ಬಿಣದ ಚೌಕಟ್ಟು ಹೊತ್ಕೊಂಡು ಪೀಣ್ಯಕ್ಕೆ ಬಂದು, ಕೇಳ್ತಾ ಕೇಳ್ತಾ ನಮ್ಮ ಶೆಡ್ಡಿಗೆ ಬಂದರು. ದೊಡ್ಡ ದೋಣಿಯವರು ಬಲೆ ಎಳೀತಾರಲ್ಲ, ಅದರೊಳಗೆ ಓರೆಯಾಗಿ ಕೂರಿಸೋ ಗ್ರಿಲ್ಲು ಅದು. ಸೀಗಡಿ, ಮೀನು ಸರಳುಗಳ ಸಂದಿಯಲ್ಲಿ ನುಸುಳಿ ಬಲೆ ಸೇರುತ್ತವೆ. ಕಡಲಾಮೆ ಬಂದರೆ ಗ್ರಿಲ್ಲಿಗೆ ತಗುಲಿ, ಜಾರಿ, ಮೇಲಿನ ಕಿಂಡಿಯಿಂದ ಆಚೆ ಹೋಗುತ್ತೆ. ಇಲ್ಲದಿದ್ದರೆ? ಪಾಪ, ಬಲೇಲಿ ಸಿಕ್ಕಿಬಿದ್ದು, ಉಸಿರಾಡೋಕೆ ಮೇಲೆ ಬರಲಾಗದೆ ಸಾಯುತ್ತೆ. ನೀರಲ್ಲೇ ಬೆಳೆದದ್ದು ನೀರಲ್ಲೇ ಉಸಿರುಕಟ್ಟಿ ಸಾಯುತ್ತೆ ಅಂದ್ರೆ ಎಂಥ ಕರ್ಮ ನೋಡಿ!

ಅವರ ಗ್ರಿಲ್ಲು ತುಂಬಾ ಭಾರ. ಮಹಾನಂದಾ ಪೈಪಲ್ಲಿ ಹಗುರವಾಗಿ ಹೊಸದೊಂದು ಮಾಡಿದಳು. ಸಂಘದವರು ನೋಡಿ, "ಚೆಂದ ಉಂಟು ತಂಗಿ, ಆದ್ರೆ ನಿಜವಾದ ಆಮೆ ಇದರಿಂದ ಹೊರಗೆ ಹೋಗೋದನ್ನ ತೋರಿಸು. ತೋರಿಸಿದ್ರೆ ನಮ್ಮ ದೋಣಿಗಳಿಗೆಲ್ಲ ನಿಂದೇ" ಅಂದರು. ತೋರಿಸೋದು ಎಂಗೆ? ಕಡಲಾಮೆಗೆ ಕಾನೂನಲ್ಲಿ ಹುಲಿಗೆ ಆನೆಗೆ ಇರೋ ಅಷ್ಟೇ ರಕ್ಷಣೆ. ಸರ್ಕಾರದ ಅನುಮತಿ ಇಲ್ಲದೆ ಅದರ ಬೆನ್ನು ಸವರೋ ಹಾಗೂ ಇಲ್ಲ. ಅರ್ಜಿ ಹಾಕಿದಳು.

ಅದೇ ಹೊತ್ತಿಗೆ ನಮ್ಮನೇಲಿ ಇನ್ನೊಂದು ಶುರುವಾಗಿತ್ತು. ಶಿವಶಂಕರ, ತಲೆ ಎತ್ತಪ್ಪ, ನಿನ್ನ ವಿಷಯವೇ ಬಂತು. ಆ ಶೆಡ್ ಒಡೆದು ಐದು ಮಹಡಿ ಪೀಜಿ ಕಟ್ಟಿಸೋಣ ಅಂತ ಇವನ ಆಸೆ. ನಕ್ಷೆನೂ ಮಾಡಿಸಿದ್ದ. ಅಮ್ಮನಿಗೂ ಮಗನಿಗೂ ಜಗಳವಾಗಿ ಕಡೆಗೆ ಒಂದು ರಾಜಿ ಆಯ್ತು. ಯುಗಾದಿ ಒಳಗೆ ಮಹಾನಂದಾಗೆ ಸಮುದ್ರದ ಕೆಲಸ ಸಿಕ್ಕರೆ ಶೆಡ್ ಅವಳಿಗೆ, ಸಿಗದಿದ್ದರೆ ಖಾಲಿ ಮಾಡಬೇಕು. ನಾನೇ ಹೋಗಿ ಅವಳಿಗೆ ಹೇಳಿದೆ. "ಆಯ್ತ್ರಿ ಅಮ್ಮಾರ" ಅಂದಳು, ಅಷ್ಟೇ. ಆವತ್ತು ರೊಟ್ಟಿ ಮುಟ್ಟದೇ ಮನೆಗೆ ಬಂದೆ.

ಅನುಮತಿ ಬರೋವರೆಗೆ ಕೈಕಟ್ಟಿ ಕೂರೋದು ಬೇಡ ಅಂತ, ಅವಳ ಶಾಪಿನ ಫೈಬರ್ ಕೆಲಸದ ಮುತ್ತಣ್ಣ ಒಂದು ಆಮೆ ಮಾಡಿದ. ಏನು ಆಮೆ ಅಂತೀರಿ! ಚಿಪ್ಪಿನ ಗೆರೆ, ಮುದಿ ಕತ್ತಿನ ಸುಕ್ಕು, ಕಣ್ಣಲ್ಲಿ ಒಂದು ಹೊಳಪು. ನಮ್ಮ ನಾದಿನಿ ಮುಖಕ್ಕಿಂತ ಎಷ್ಟೋ ವಾಸಿ. ಶೆಡ್ಡಿನ ಹಿಂದೆ ತಗಡಿನ ತೊಟ್ಟಿ ಕಟ್ಟಿ, ಮೋಟರ್ ಹಾಕಿ ನೀರು ಹರಿಸಿ, ಆ ಆಮೆಯನ್ನ ಗ್ರಿಲ್ಲಿನ ಮೇಲೆ ಬಿಟ್ಟು ಬಿಟ್ಟು ನೋಡ್ತಿದ್ದರು.

ಆಗ ಬಂತು ಆಯುಧಪೂಜೆ. ನಿಮಗೆಲ್ಲ ಗೊತ್ತು, ಆವತ್ತು ಪೀಣ್ಯದಲ್ಲಿ ಒಂದು ಸ್ಪ್ಯಾನರ್ ಕೂಡ ಪೂಜೆ ಇಲ್ಲದೆ ಉಳಿಯೋ ಹಾಗಿಲ್ಲ. ಲೇತ್ ಆಯ್ತು, ಡ್ರಿಲ್ ಆಯ್ತು, ಟೆಂಪೋ ಆಯ್ತು, ಬೂದುಗುಂಬಳಕಾಯಿ ಒಡೆದೂ ಆಯ್ತು. ಮೂಲೇಲಿ ಆಮೆ ನನ್ನನ್ನೇ ನೋಡ್ತಾ ಕೂತಿದೆ! ಅದೂ ಕೆಲಸಕ್ಕೆ ಬರೋ ವಸ್ತು ಅಲ್ವಾ? ಕುಂಕುಮ ಇಟ್ಟೆ. ಇಟ್ಟ ಮೇಲೆ ಅನ್ನಿಸ್ತು, ಕೂರ್ಮಾವತಾರ ಕಣ್ರೀ ಇದು, ಸ್ಪ್ಯಾನರ್‌ಗೆ ಮಾಡಿದಂಗೆ ಮಾಡಿ ಬಿಡೋಕಾಗುತ್ತಾ? ಸೇವಂತಿಗೆ ಹಾರ ಹಾಕಿದೆ, ರೇಷ್ಮೆ ರವಿಕೆ ಕಣ ಹೊದಿಸಿದೆ, ಮಂಗಳಾರತಿ ಎತ್ತಿದೆ. ಮಾರನೇ ದಿನ ಮೀಟರ್ ನೋಡೋಕೆ ಹೋದಾಗ ಒಂದು ದೀಪ ಹಚ್ಚಿದೆ. ಪಕ್ಕದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ನೋಡಿ, ಶಿಫ್ಟಿಗೆ ಹೋಗುವಾಗ ಬಂದು ಕೈಮುಗಿದರು. ಒಬ್ಬಳಿಗೆ ಗಂಡು ಗೊತ್ತಾಯ್ತು. ಮುಗೀತಲ್ಲ! ಮಾಕಳಿಯಿಂದ ಆಟೋ ಮಾಡಿಕೊಂಡು ಬಂದರು, ಮಹದೇವಪುರದಿಂದ ಕಾರಲ್ಲಿ ಬಂದರು. ತೆಂಗಿನಕಾಯಿ ಚಿಪ್ಪು ಗುಡಿಸೋದೇ ಮುತ್ತಣ್ಣನಿಗೆ ಕೆಲಸ ಆಯ್ತು.

ಮಹಾನಂದಾ ಬೇಡ ಅಂದಳು. "ಅಮ್ಮಾರ, ಇದು ಟೆಸ್ಟಿಂಗ್ ಪೀಸ್ ಐತ್ರಿ" ಅಂದಳು. "ಸುಮ್ನಿರೇ, ದೇವರಿಗೆ ಪೀಸ್ ಅಂತೀಯಾ" ಅಂತ ನಾನೇ ಬೈದೆ.

ಒಂದು ದಿನ ಯಾರೋ ಪುಣ್ಯಾತ್ಮ ತೊಟ್ಟಿಯ ಮೋಟರ್ ಓಡ್ತಿರುವಾಗ ವಿಡಿಯೋ ಮಾಡಿದ. ನೀರಿನ ಸೆಳೆತಕ್ಕೆ ಆಮೆ ಈಜಿದ ಹಾಗೆ ಕಾಣುತ್ತೆ. ಹಿಂದೆ ನನ್ನ ಗಂಟೆ ಸದ್ದು. 'ನಾಗಸಂದ್ರದ ಶೆಡ್ಡಿನಲ್ಲಿ ಜೀವಂತ ಕಡಲಾಮೆ, ಬೇಡಿದ್ದು ಕೊಡುತ್ತೆ' ಅಂತ ಊರೆಲ್ಲ ಹರಡಿತು. ದೂರು ಹೋಯ್ತು. ಯಾರ ಟೇಬಲ್ಲಿಗೆ ಹೋಯ್ತು ಅಂತೀರಿ? ಮಹಾನಂದಾಳ ಅರ್ಜಿ ಯಾರ ಟೇಬಲ್ ಮೇಲಿತ್ತೋ ಅವರದಕ್ಕೇ! ಒಂದು ಕಡೆ ಆಮೆ ಮುಟ್ಟೋಕೆ ಅನುಮತಿ ಕೊಡಿ ಅಂತ ಅರ್ಜಿ, ಇನ್ನೊಂದು ಕಡೆ ಅದೇ ಹೆಂಗಸು ಆಮೆ ಕಟ್ಟಿಹಾಕಿಕೊಂಡು ಪೂಜೆ ಮಾಡಿಸ್ತಾಳೆ ಅಂತ ದೂರು. ಯಾವ ಅಧಿಕಾರಿಗೆ ಸಿಟ್ಟು ಬರಲ್ಲ ಹೇಳಿ?

ಜೀಪಲ್ಲಿ ಬಂದೇಬಿಟ್ಟರು ಶಾಂಭವಿ ಮೇಡಂ, ಇಬ್ಬರು ಗಾರ್ಡುಗಳ ಜೊತೆ. ನಾನು ಬಾಗಿಲಲ್ಲಿ ಅಡ್ಡ ನಿಂತೆ. "ದೇವರಿರೋ ಜಾಗ, ಬೂಟು ಬಿಚ್ಚಿ ಬನ್ನಿ" ಅಂದೆ. ಪಾಪ, ಬಿಚ್ಚಿದರು ಕಣ್ರೀ. ಕುಂಕುಮ ಹತ್ತಿ ಬಣ್ಣ ಕೆಟ್ಟಿದೆ ಅಂತ ಮುತ್ತಣ್ಣ ಆವತ್ತೇ ಆಮೆಗೆ ಹೊಸ ಬಣ್ಣ ಬಳಿದು ನೆರಳಲ್ಲಿ ಇಟ್ಟಿದ್ದ. ಮೇಡಂ ಮೆಲ್ಲಗೆ ಹತ್ರ ಹೋದರು. ಮೊಣಕಾಲೂರಿ ಕೂತರು. ಮಗುವಿನ ಹಣೆ ಮುಟ್ಟೋ ಹಾಗೆ ಅದರ ಬೆನ್ನ ಮೇಲೆ ಕೈ ಇಟ್ಟರು. ಮುತ್ತಣ್ಣ ಓಡಿ ಬಂದು, "ಮೇಡಮ್ಮಾರ, ಮುಟ್ಟಬ್ಯಾಡ್ರಿ, ಬಣ್ಣ ಇನ್ನಾ ಹಸೀದೈತ್ರಿ!" ಅಂದ. ಅಷ್ಟೊತ್ತಿಗೆ ಮೇಡಂ ಅಂಗೈ ಪೂರ್ತಿ ಹಸಿರು. ಬೆರಳು ಮಡಚಿ ಟಕ್ ಟಕ್ ಅಂತ ಕುಟ್ಟಿ ನೋಡಿದರು. ಆಮೇಲೆ ನಕ್ಕರು ನೋಡಿ, ಗಾರ್ಡುಗಳು ಗೋಡೆ ಹಿಡ್ಕೊಂಡು ನಗೋಷ್ಟು! ಈಗಲೂ ನಗ್ತಿದ್ದಾರೆ, ನೋಡಿ ಅವರ ಮುಖ.

ಆದರೆ ನಗುವಿನಿಂದ ಕಾಗದ ಮುಂದಕ್ಕೆ ಹೋಗುತ್ತಾ? ದೂರು ಅಂದ ಮೇಲೆ ಅದಕ್ಕೆ ವಿಚಾರಣೆ ಆಗಬೇಕು, ವರದಿ ಹೋಗಬೇಕು, ಅಲ್ಲೀವರೆಗೆ ಅರ್ಜಿ ನಿಲ್ಲಬೇಕು. ದೀಪಾವಳಿ ಹೋಯ್ತು, ಸಂಕ್ರಾಂತಿ ಹೋಯ್ತು. ಯುಗಾದಿ ಕಣ್ಣೆದುರಿಗೇ ಬಂದು ಕೂತಿತ್ತು. ಮಹಾನಂದಾ ಹೊಸ ಗೇಟಿನ ಕೆಲಸ ಒಪ್ಪಿಕೊಳ್ಳೋದು ನಿಲ್ಲಿಸಿದಳು. ಶೆಡ್ ಬಿಡೋಳಿಗೆ ಗೇಟು ಯಾಕೆ? ಅವಳ ಕೈಹಿಡಿದು ಎಳ್ಕೊಂಡು ಮೇಡಂ ಆಫೀಸಿಗೇ ಹೋದೆ. ಟೇಬಲ್ ಗುದ್ದಿ ಕೇಳಿದೆ, "ಏನಮ್ಮಾ, ಆಮೆ ಉಳಿಸೋ ಕೆಲಸಕ್ಕೂ ಪರ್ಮಿಷನ್ನಾ? ಆ ಆಮೆ ಬಂದು ನಿಮ್ಮತ್ರ ಸೈನ್ ಹಾಕ್ಬೇಕಾ?"

ಮೇಡಂ ನನಗೆ ಕುರ್ಚಿ ಕೊಟ್ಟು, ನೀರು ಕೊಟ್ಟು ಹೇಳಿದರು. "ಅಮ್ಮ, ಅದು ಬಂದು ಸೈನ್ ಹಾಕಲ್ಲ, ಬೇಡ ಅಂತಲೂ ಹೇಳಲ್ಲ. ಅದಕ್ಕೇ ಅದರ ಕಡೆಯಿಂದ ಒಬ್ಬರು ಕೂತಿರಬೇಕು. ನಾಳೆ ಯಾರೋ ನಿಮ್ಮ ಹಾಗೇ ಟೇಬಲ್ ಗುದ್ದಿ, ಒಳ್ಳೇದಕ್ಕೇ ಅಂತ ಹೇಳಿ, ಆಮೇನ ಸಾಯಿಸಿಬಿಟ್ಟರೆ?"

ಸಭಿಕರೇ, ನಾನು ನಗರಸಭೇಲಿ ಎಂಥೆಂಥವರ ಬಾಯಿ ಮುಚ್ಚಿಸಿದವಳು. ಆವತ್ತು ಕುರ್ಚಿ ಮುಂದಕ್ಕೆ ಎಳ್ಕೊಂಡು, "ಹಾಗಾದ್ರೆ ಎಂಗೆ ಮಾಡೋದು, ನೀವೇ ಹೇಳಿ" ಅಂದೆ. ಮೇಡಂ ಆಗಲ್ಲ ಅನ್ನಲಿಲ್ಲ, ಎಂಗೆ ಆಗುತ್ತೆ ಅಂತ ಹೇಳಿದರು. ಸಮುದ್ರದ ಆಮೆ ಹಿಡಿಯೋ ಹಾಗಿಲ್ಲ. ಗಾಯ ವಾಸಿಯಾಗಿ, ಹೇಗಿದ್ದರೂ ವಾಪಸ್ ಬಿಡಬೇಕಾಗಿರೋ ಆಮೆ ಆಗಬೇಕು. ದೋಣೀಲಿ ಪಶುವೈದ್ಯರು ಇರಬೇಕು. ನೀರಲ್ಲಿ ಮುಳುಗುಗಾರರು ಇರಬೇಕು, ಆಮೆ ಸ್ವಲ್ಪ ತಡವಾದರೂ ಬಲೆ ಕೊಯ್ದು ಬಿಡಬೇಕು. ದೋಣಿ ಹತ್ತೋ ಪ್ರತಿಯೊಬ್ಬರ ಹೆಸರೂ ಮೊದಲೇ ಬರೆಸಬೇಕು. ಮಹಾನಂದಾ ಎಲ್ಲಾ ಹೊಂದಿಸಿದಳು. ನಾನೂ ಬರ್ತೀನಿ ಅಂತ ಹಠ ಹಿಡಿದೆ. ಮಾಜಿ ಸದಸ್ಯೆ ನಾನು, ನನ್ನನ್ನ 'ಸಹಾಯಕಿ' ಅಂತ ಬರೆಸಿದ್ದಾಳೆ! ಏನು ಸಹಾಯ ಮಾಡಿದೆ? ದೋಣಿ ಅಂಚು ಹಿಡ್ಕೊಂಡು ಬೆಳಗ್ಗೆ ತಿಂದ ಇಡ್ಲಿಯೆಲ್ಲ ಮೀನಿಗೆ ಹಾಕಿದೆ.

ದೂರಿನ ವಿಚಾರಣೆ ಮುಗಿದು ಅನುಮತಿ ಬಂದಾಗ ಯುಗಾದಿಗೆ ಉಳಿದಿದ್ದು ಕೆಲವೇ ದಿನ. ಒಂದೇ ಸಲ ಬಿಡಬಹುದು, ಎರಡನೇ ಅವಕಾಶ ಇಲ್ಲ ಅಂತ ಅದರಲ್ಲಿತ್ತು. ಬಲೆ ಇಳಿಯಿತು. ಮುಳುಗುಗಾರರು ಕ್ಯಾಮೆರಾ ಹಿಡಿದರು, ನಾವು ಮೇಲೆ ಟಿವಿಲಿ ನೋಡ್ತಿದ್ದೀವಿ. ಆಮೆಯನ್ನ ಬಲೆ ಬಾಯಲ್ಲಿ ಬಿಟ್ಟರು. ಬಂತು, ಗ್ರಿಲ್ಲಿಗೆ ತಗುಲಿತು, ನಿಂತುಬಿಡ್ತು. ಅಯ್ಯೋ ದೇವರೇ! ವೈದ್ಯರು ಕೈ ಎತ್ತಿದರು, ಅವರು ಕೈ ಇಳಿಸಿದರೆ ಬಲೆ ಕೊಯ್ಯಬೇಕು, ಎಲ್ಲಾ ಮುಗೀತು. ಮಹಾನಂದಾ ನನ್ನ ತೋಳು ಹಿಡಿದ ಜೋರಿಗೆ ಬಳೆ ಒಡೆದು ಹೋಯ್ತು. ನಾನು ಕೂರ್ಮಪ್ಪನ್ನೂ ಕರೆದೆ, ಮುನೇಶ್ವರನ್ನೂ ಕರೆದೆ. ಆಮೆ ಒಂದು ಸಲ ಕತ್ತು ಹೊರಳಿಸ್ತು, ರೆಕ್ಕೆಯಂಥ ಕಾಲು ಬಡೀತು, ಸರಳಿನ ಮೇಲೆ ಜಾರಿ ಜಾರಿ ಕಿಂಡಿ ತಳ್ಳಿ ಹೊರಗೆ ಹೋಯ್ತು! "ಹೋತ್ರೀ! ಅಮ್ಮಾರ, ಹೋತ್ರೀ!" ಅಂತ ಇವಳು ಕೂಗಿದ್ದು ಇಂಡಿಗೇ ಕೇಳಿಸಿರಬೇಕು. ಸ್ವಲ್ಪ ಹೊತ್ತಿಗೆ ದೋಣಿ ಪಕ್ಕದಲ್ಲೇ ತಲೆ ಎತ್ತಿ ಉಸಿರು ಬಿಟ್ಟು ಮತ್ತೆ ಮುಳುಗಿತು. ಬಲೇಲಿ ಸೀಗಡಿ ಹಾಗೇ ಇದ್ದವು. ನಾವಿಬ್ಬರೂ ಹೆಂಗಸರು ತಬ್ಬಿಕೊಂಡು ಗೊಳೋ ಅಂತ ಅತ್ತೆವು. ಸಂತೋಷಕ್ಕೆ ಅಷ್ಟು ಅತ್ತಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಯುಗಾದಿ ಮುಂಚೆಯೇ ಮೀನುಗಾರರ ಸಂಘದವರು ಕೆಲಸ ಒಪ್ಪಿಸಿದರು. ಅದಕ್ಕೇ ಈ ಶಾಲು, ಹಾರ, ಹಣ್ಣಿನ ಬುಟ್ಟಿ. ಮಂಜುಶ್ರೀಯವರು ಚೀಟಿ ಕಳಿಸಿದ್ದಾರೆ, ಮುಗಿಸಿ ಅಂತ. ಮುಗಿಸ್ತೀನಿ, ಆದರೆ ಒಂದು ಮಾತು ಬಾಕಿ ಇದೆ.

ಇವತ್ತು ಕಾರಲ್ಲಿ ಬರುವಾಗ ನನ್ನ ಮಗ ಹೇಳಿದ, "ಅಮ್ಮ, ಸನ್ಮಾನ ಮುಗೀಲಿ. ಈಗ ಅವಳಿಗೆ ಕೆಲಸ ಸಿಕ್ಕಿದೆ, ಬೇರೆ ದೊಡ್ಡ ಜಾಗ ನೋಡ್ಕೊಳ್ಳಲಿ. ನಾವು ಪೀಜಿ ಶುರು ಮಾಡೋಣ." ಕೇಳಿದಿರಾ? ಯುಗಾದಿ ಮಾತು ಕೊಟ್ಟವನೂ ಇವನೇ! ಮನೇಲಿ ನಾನು ಏನು ಹೇಳಿದರೂ 'ನೋಡೋಣಮ್ಮ' ಅಂತ ಎದ್ದು ಹೋಗ್ತಾನೆ. ಇಲ್ಲಿ ಎದ್ದು ಹೋಗೋಕಾಗಲ್ಲ, ಎಲ್ಲರೂ ನೋಡ್ತಿದ್ದಾರೆ. ಶಿವಶಂಕರ, ಕಿವಿಗೊಟ್ಟು ಕೇಳು. ಜಾಗ ನನ್ನ ಹೆಸರಲ್ಲಿದೆ. ಕಡಲಾಮೆ ಮುಟ್ಟಬೇಕಾದರೆ ಸರ್ಕಾರದ ಅನುಮತಿ ಬೇಕು. ಆ ಶೆಡ್ಡಿನ ಒಂದು ತಗಡು ಮುಟ್ಟಬೇಕಾದರೆ ಈ ಕೃಷ್ಣಮ್ಮನ ಅನುಮತಿ ಬೇಕು. ನಾನು ಕೊಡಲ್ಲ. ಅರ್ಜಿ ಹಾಕಬೇಡ.

ಚಪ್ಪಾಳೆ ಸಾಕು, ಸಾಕು ಕಣ್ರಪ್ಪ. ನೋಡಿ, ಅವನೂ ತಟ್ತಿದ್ದಾನೆ, ನನ್ನ ಮಗ! ನನಗೆ ಮಾತಾಡೋಕೆ ಬಿಟ್ಟ ಮಂಜುಶ್ರೀಯವರಿಗೆ, ಬೂಟು ಬಿಚ್ಚಿ ಒಳಗೆ ಬಂದ ಶಾಂಭವಿ ಮೇಡಂ ಅವರಿಗೆ, ಹಸಿವು ತಡೆದು ಕೇಳಿದ ತಮಗೆಲ್ಲರಿಗೂ ನನ್ನ ಮನಸಾರೆ ಧನ್ಯವಾದಗಳು. ಮಹಾನಂದಾ, ಅಳೋದು ನಿಲ್ಲಿಸು, ನಾಳೆ ಬೆಳಿಗ್ಗೆ ಮೀಟರ್ ನೋಡೋಕೆ ಬರ್ತೀನಿ. ಎಲ್ಲರಿಗೂ ನಮಸ್ಕಾರ.