ನೇತ್ರಾ ಕೀಲಿ ಹಾಕಿದ್ದಳು

ಹೆಸರು: ಮಾಬುಸಾಬ, ತಂದೆ ಅಬ್ದುಲಗನಿ ನದಾಫ. ವಯಸ್ಸು: 68. ಓದು: ಮೂರನೇ ಇಯತ್ತೆ. ಉದ್ಯೋಗ: ಕೀಲಿ (ಬೀಗ), ಛತ್ರಿ, ಸ್ಟೋ ರಿಪೇರಿ. ವಾಸ: ಮೊರಬ, ತಾಲೂಕು ನವಲಗುಂದ, ಜಿಲ್ಲೆ ಧಾರವಾಡ.

ಇಂದು 30-01-2025, ಗುರುವಾರ, ಬೆಳಿಗ್ಗೆ 11-15ಕ್ಕೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಬರೆಸುವ ಮಾತು ಹೀಗಿದೆ.

ನಮ್ಮ ಓಣಿಯ ಕಸ್ತೂರೆವ್ವ, ಗಂಡ ದಿವಂಗತ ಶಂಕ್ರಪ್ಪ, ವಯಸ್ಸು 72, ಇದೇ ತಿಂಗಳ 21ರಂದು ಮಂಗಳವಾರ ಕೃಷಿಹೊಂಡದಲ್ಲಿ ಬಿದ್ದು ತೀರಿಕೊಂಡಿದ್ದು ಈ ಠಾಣೆಯಲ್ಲಿ ದಾಖಲಾಗಿದೆ. ಆ ಕಾಗದದಲ್ಲಿ ಅವರ ಸೊಸೆ ನೇತ್ರಾ, ಮನೆಗೆ ಕೀಲಿ ಹಾಕಲು ತಾನು ಮರೆತಿರಬಹುದು ಎಂದು ಹೇಳಿರುತ್ತಾಳೆ. ಅದು ಸುಳ್ಳು. ಅವಳು ಹಾಕಿದ್ದಳು. ತೆಗೆದವನು ನಾನು. ಬರೆದುಕೊಳ್ಳುವ ಪೊಲೀಸರು ಇಲ್ಲಿ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಮುಖ ನೋಡುವುದು ಬಿಟ್ಟು ಬರೆಯಿರಿ ಅಂತ ಹೇಳಿದೆ.

ಕಸ್ತೂರೆವ್ವ ಕಲಘಟಗಿಯಿಂದ ಸೊಸೆಯಾಗಿ ನಮ್ಮ ಊರಿಗೆ ಬಂದಾಗ ನನಗೆ ಹದಿನಾಲ್ಕು ವರ್ಷ. ನನ್ನ ತಾಯಿ ಅವರ ಮನೆಯ ಹೊಲಕ್ಕೆ ಆಳಾಗಿ ಹೋಗುತ್ತಿದ್ದಳು. ಒಮ್ಮೆ ತವರಿನಿಂದ ತಂದ ಟ್ರಂಕಿನ ಚಾವಿ ಕಳೆದು ಅಳುತ್ತ ಕೂತಿದ್ದರು. ಅವರ ತಲೆಯ ಪಿನ್ನನ್ನೇ ಇಸಿದುಕೊಂಡು ನಾನು ಆ ಕೀಲಿ ತೆಗೆದೆ. ನಾನು ತೆಗೆದ ಮೊದಲ ಕೀಲಿ ಅದು. ಅಂದಿನಿಂದ ಅವರು ನನ್ನನ್ನು ಮಾಬೂ ಎಂದೂ ನಾನು ಅವರನ್ನು ಅಕ್ಕಾ ಎಂದೂ ಕರೆಯುವುದು.

ಎರಡು ವರ್ಷದಿಂದ ಅವರ ನೆನಪು ಕೆಟ್ಟಿತ್ತು. ಮೊಮ್ಮಕ್ಕಳ ಹೆಸರೂ ಹೋಗಿತ್ತು. ನನ್ನ ಹೆಸರು ಉಳಿದಿತ್ತು. ಕಲಘಟಗಿಗೆ ಹೋಗಬೇಕೆಂದು ಎರಡು ಸಲ ಬಸ್ ಸ್ಟ್ಯಾಂಡಿಗೆ ಹೋಗಿದ್ದರು. ಎರಡನೇ ಸಲ ಹುಬ್ಬಳ್ಳಿ ಬಸ್ಸಿನಿಂದ ಇಳಿಸಿಕೊಂಡು ಬರಬೇಕಾಯಿತು. ಮಗ ಈರೇಶ ಟೆಂಪೊ ಹೊಡೆಯುತ್ತಾನೆ, ಮುಂಜಾನೆ ಏಳಕ್ಕೆ ಮನೆ ಬಿಡುತ್ತಾನೆ. ನೇತ್ರಾ ಅಂಗನವಾಡಿ ಸಹಾಯಕಿ. 9-20ಕ್ಕೆ ಹೋಗುವವಳು ಅತ್ತೆಗೆ ಉಣ್ಣಿಸಲು 1 ಗಂಟೆಗೆ ಬರುತ್ತಾಳೆ.

ಕಳೆದ ಜೂನ್ ತಿಂಗಳಲ್ಲಿ ನೇತ್ರಾ ನನ್ನ ಅಂಗಡಿಗೆ ಬಂದು ಒಂದು ಕೀಲಿ ಕೊಡಿ ಅಂದಳು. ಯಾವುದಕ್ಕೆ ಅಂತ ಕೇಳಿದೆ. ಕಾಕಾ, ಅತ್ತಿನ್ನ ಒಳಗ ಬಿಟ್ಟು ಹೋಗಬೇಕಾಗೇತ್ರಿ, ಮಂದಿ ಏನರ ಅನ್ಲಿ, ಗಾಡಿ ಕೆಳಗ ಸಿಗೂದಕಿಂತ ಪಾಡ ಅಲ್ಲೇನ್ರಿ ಅಂತ ಹೇಳಿ ಕಣ್ಣು ಒರೆಸಿಕೊಂಡಳು. ಒತ್ತಿದರೆ ಬೀಳುವ ಕೀಲಿ ಬೇಡ, ಚಾವಿ ಒಳಗೆ ಉಳಿದರೆ ಫಜೀತಿ ಎಂದು ಹೇಳಿ, ಚಾವಿ ತಿರುಗಿಸಿದರೆ ಮಾತ್ರ ಬೀಳುವಂಥದ್ದನ್ನು ನಾನೇ ಆರಿಸಿ ಕೊಟ್ಟೆ.

ಆಗಸ್ಟ್ ತಿಂಗಳಲ್ಲಿ ಒಂದು ದಿನ ಆ ಮನೆಯ ಮುಂದೆ ಹೋಗುವಾಗ ಕಸ್ತೂರೆವ್ವ ಕಿಟಕಿಯ ಸರಳಿನಿಂದ ಕೈ ಹೊರಗೆ ಹಾಕಿ ಕರೆದರು. ಮಾಬೂ, ಬಾಗಲಾ ತಗಿಯೋ, ನಾ ಏನ ಕದ್ದೇನಿ ಅಂತ ಕೀಲಿ ಹಾಕ್ಯಾರ ಅಂತ ಕೇಳಿದರು. ಸುಮ್ಮ ಕೂಡ್ರಬೇ ಅಕ್ಕಾ, ನಿನ್ನ ಕಾಲಾಗ ಚಕ್ರ ಐತಿ ಅಂತ ಬೈದು ಹೋದೆ. ಮೂರು ದಿನ ಹೀಗೇ ಬೈದು ಹೋದೆ. ನಾಲ್ಕನೇ ದಿನ ತೆಗೆದೆ.

ಅಂದಿನಿಂದ ಊರಲ್ಲಿದ್ದ ದಿನವೆಲ್ಲ ಹತ್ತು ಗಂಟೆಯ ಸುಮಾರಿಗೆ ಕೀಲಿ ತೆಗೆದು ಅವರನ್ನು ಕಟ್ಟೆಯ ಮೇಲೆ ಬಿಸಿಲಿಗೆ ಕೂಡಿಸುತ್ತಿದ್ದೆ. ಅರ್ಧ ತಾಸು ಕೂತು, ಒಳಗೆ ಬಿಟ್ಟು, ಮತ್ತೆ ಕೀಲಿ ಹಾಕಿ ಹೋಗುತ್ತಿದ್ದೆ. ಆ ಹೊತ್ತಿಗೆ ಓಣಿಯ ಮಂದಿ ಹೊಲದಲ್ಲಿರುತ್ತಾರೆ. ನೇತ್ರಾಳಿಗಾಗಲಿ ಈರೇಶನಿಗಾಗಲಿ ಗೊತ್ತಿರಲಿಲ್ಲ. ಕಲಘಟಗಿ ಬಸ್ಸು ಬಂತೇನೋ ಎಂದು ಅವರು ದಿನವೂ ಕೇಳುವರು. ಟೈರ್ ಪಂಚರ್ ಆಗೇತಿ, ನಾಳೆ ಬರ್ತೈತಿ ಅಂತ ನಾನು ದಿನವೂ ಹೇಳುವೆ. ದಿನಾ ಪಂಚರ್ ಆಗು ಬಸ್ಸಿನ ಡ್ರೈವರ್ ನಿನ್ನಂಥಾ ಖೋಡಿನs ಇರಬೇಕು ಅಂತ ಒಮ್ಮೆ ಅಂದರು. ನೆನಪು ಹೋಗಿತ್ತು, ಬಾಯಿ ಹೋಗಿರಲಿಲ್ಲ.

ಒಂದು ಚಾವಿ ಮಾಡಿಟ್ಟುಕೊಳ್ಳಬಹುದಿತ್ತಲ್ಲ ಎಂದು ಸಾಹೇಬರು ಈಗ ಕೇಳಿದರು. ಹತ್ತು ನಿಮಿಷದ ಕೆಲಸ. ಆದರೆ ನಲವತ್ತು ವರ್ಷದಲ್ಲಿ ಮನೆಯ ಯಜಮಾನ ಎದುರಿಗೆ ನಿಲ್ಲದೆ ಒಂದು ಚಾವಿಯನ್ನೂ ನಾನು ಮಾಡಿಲ್ಲ, ಮಂದಿಯ ಮನೆಯ ಚಾವಿ ನನ್ನ ಹತ್ತಿರ ಇಟ್ಟುಕೊಂಡಿಲ್ಲ. ಇಟ್ಟುಕೊಂಡವನು ಕಳ್ಳ. ಕಡ್ಡಿಯಿಂದ ತೆಗೆದರೆ ಕೆಲಸ ಮುಗಿದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ, ಅದು ಬೇರೆ ಎಂದು ತಿಳಿದಿದ್ದೆ. ಚಾವಿ ಮಾಡಿದ್ದರೆ ಅಕ್ಕ ಇಂದು ಬದುಕಿರುತ್ತಿದ್ದರು.

ಕೀಲಿ ತೆಗೆಯುವ ನನ್ನ ಸಾಮಾನು ಒಟ್ಟು ಹನ್ನೊಂದು. ಎಲ್ಲವನ್ನೂ ಹೊತ್ತು ತಿರುಗಲು ಆಗುವುದಿಲ್ಲ. ಅದಕ್ಕೆ ನಾಲ್ಕನ್ನು ಆರಿಸಿ, ಕಣ್ಣಿಗೆ ಹಾಕುವ ಚಾಳೀಸಿನ ಹಳೆಯ ಡಬ್ಬಿಯಲ್ಲಿ ಹಾಕಿ ಕಿಸೆಯಲ್ಲಿ ಇಡುತ್ತಿದ್ದೆ. ಮೂರು ತೆಳು ಕಡ್ಡಿ, ಛತ್ರಿಯ ಕಡ್ಡಿಯನ್ನು ಉಜ್ಜಿ ಮಾಡಿದವು. ಒಂದು ದಪ್ಪನೆಯದು, ಹ್ಯಾಕ್ಸಾ ಬ್ಲೇಡಿನ ತುಂಡು. ನೇತ್ರಾಳ ಕೀಲಿ ತೆಗೆಯಲು ತೆಳು ಕಡ್ಡಿ ಸಾಕು. ತಿರುಗಿ ಹಾಕಬೇಕಾದರೆ ಒಳಗಿನ ನಾಲಿಗೆ ಬಿಗಿ, ದಪ್ಪನೆಯದು ಬೇಕೇ ಬೇಕು. ಇದು ನನಗೆ ಚೆನ್ನಾಗಿ ಗೊತ್ತಿತ್ತು.

21ರಂದು ಮುಂಜಾನೆ 8-30ಕ್ಕೆ, ಅಣ್ಣಿಗೇರಿಯಲ್ಲಿ ಒಬ್ಬರ ಕಪಾಟು ತೆಗೆಯುವ ಕೆಲಸವಿದ್ದುದರಿಂದ ಒಳ್ಳೆಯ ಅಂಗಿ ಹಾಕಿಕೊಂಡೆ. ಚಾಳೀಸಿನ ಡಬ್ಬಿಯ ಭಾರಕ್ಕೆ ನನ್ನ ಎರಡು ಅಂಗಿಯ ಕಿಸೆ ಹರಿದಿದ್ದವು. ಈ ಅಂಗಿ ಹರದ್ರ ಆ ಕಡ್ಡಿ ಎಲ್ಲಾ ಒಲಿಗೆ ಹಾಕ್ತೇನಿ ನೋಡ್ರಿ ಅಂತ ನನ್ನ ಹೆಂಡತಿ ನಸೀಮಾಬಿ ಹೇಳಿದಳು. ಅದಕ್ಕೆ ಜ್ವರ ನೋಡುವ ಕಡ್ಡಿಯ ಸಣ್ಣ ಡಬ್ಬಿ ತೆಗೆದುಕೊಂಡೆ. ತೆಳುವಾದ ಮೂರು ಕೂತವು. ದಪ್ಪನೆಯದು ಎರಡು ಬೆರಳು ಉದ್ದವಾಯಿತು. ಕಪಾಟಿಗೆ ಅದು ಬೇಕಾಗುವುದಿಲ್ಲ, ಇವತ್ತು ಅಕ್ಕನ ಕಡೆ ಹೋಗುವುದೂ ಇಲ್ಲ ಎಂದು, ಅದನ್ನು ಅಂಗಡಿಯ ಹಲಗೆಯ ಮೇಲೆ ಇಟ್ಟು ಬಂದೆ.

9-20ಕ್ಕೆ ನಾನು ಬಸ್ಸಿಗೆ ಹೋಗುವಾಗ ನೇತ್ರಾ ಬಾಗಿಲಿಗೆ ಕೀಲಿ ಹಾಕುತ್ತಿದ್ದಳು. ಹಾಕಿ ಮೂರು ಸಲ ಎಳೆದು ನೋಡಿದಳು. ದಿನವೂ ಹಾಗೇ ನೋಡುತ್ತಾಳೆ. ಕಣ್ಣಾರೆ ಕಂಡಿದ್ದೇನೆ.

ನನ್ನ ಬಸ್ಸು ತಪ್ಪಿತು. ಸಿಟ್ಟಿನಿಂದ ತಿರುಗಿ ಬರುವಾಗ 10-10ಕ್ಕೆ ಕಸ್ತೂರೆವ್ವ ಕಿಟಕಿಯಿಂದ ಕರೆದರು. ಚಳಿಗೆ ಅವರ ಕೈ ಮುದುಡಿತ್ತು. ಡಬ್ಬಿಯಲ್ಲಿ ಏನಿದೆ, ಏನಿಲ್ಲ ಎಂದು ನೋಡದೆ ಕೀಲಿ ತೆಗೆದೆ. ಕಟ್ಟೆಯ ಮೇಲೆ ಕೂಡಿಸಿದೆ. ಎಂದಿನಂತೆ ಬಸ್ಸು ಬಂತೇನೋ ಎಂದು ಕೇಳಿದರು. ನನ್ನ ತಲೆಯಲ್ಲಿ ನನ್ನ ಬಸ್ಸು ಇತ್ತು. ಬಂದಿತ್ತು, ಬಿಟ್ಟು ಹೋತು ಅಂತ ಹೇಳಿಬಿಟ್ಟೆ. ಹಂಗಾರ ನಡಕೋತ ಹೋಗೂಣು ನಡಿ, ನಮ್ಮವ್ವ ಹಾದಿ ನೋಡ್ತಾಳ ಅಂತ ಹೇಳಿದರು. ನಾನು ನಕ್ಕೆ.

10-45ಕ್ಕೆ ಅವರನ್ನು ಒಳಗೆ ಬಿಟ್ಟು ಬಾಗಿಲು ಎಳೆದೆ. ಕೀಲಿ ಹಾಕಲು ಹೋದರೆ ದಪ್ಪನೆಯ ಕಡ್ಡಿ ಇಲ್ಲ. ತೆಳುವಿನಿಂದ ಹತ್ತು ನಿಮಿಷ ಒದ್ದಾಡಿದೆ. ಒಂದು ಕಡ್ಡಿ ಬಾಗಿತು. ಆಮೇಲೆ ಕೀಲಿಯನ್ನು ಹಾಕಿದ ಹಾಗೆ ಕಾಣುವಂತೆ ಚಿಲಕಕ್ಕೆ ಸುಮ್ಮನೆ ಸಿಗಿಸಿ, ಅಂಗಡಿಗೆ ಹೋಗಿ ಬರುತ್ತೇನೆ ಎಂದು ಹೊರಟೆ. ಆ ಮನೆಯಿಂದ ನನ್ನ ಅಂಗಡಿ 410 ಹೆಜ್ಜೆ. ಆಮೇಲೆ ಎಣಿಸಿದ್ದೇನೆ. ದಪ್ಪನೆಯ ಕಡ್ಡಿ ಹಲಗೆಯ ಮೇಲೆಯೇ ಇತ್ತು. ತೆಗೆದುಕೊಂಡೆ. ಬಾಜು ಹೋಟೆಲಿನವರು ಕರೆದರು. ಚಹಾ ಕುಡಿದೆ. ಇದನ್ನೂ ಬರೆಯಿರಿ.

11-25ಕ್ಕೆ ತಿರುಗಿ ಬಂದಾಗ ಬಾಗಿಲು ತೆರೆದಿತ್ತು, ಒಳಗೆ ಅಕ್ಕ ಇರಲಿಲ್ಲ. ಒಳಗಿನಿಂದ ಬಾಗಿಲು ಅಲುಗಾಡಿಸಿದರೇ ಬೀಳುವಂತಿದ್ದ ಕೀಲಿ ಮೆಟ್ಟಿಲ ಮೇಲೆ ಬಿದ್ದಿತ್ತು. ಅದನ್ನು ಚಿಲಕಕ್ಕೆ ಸಿಗಿಸಿ ಓಡಿದೆ. ಹಿಂದೆ ಎರಡು ಸಲವೂ ಬಸ್ ಸ್ಟ್ಯಾಂಡಿಗೇ ಹೋಗಿದ್ದರೆಂದು ಮೊದಲು ಅಲ್ಲಿಗೆ ಹೋದೆ. ಒಂದು ತಾಸು ಅಲ್ಲೇ ಹುಡುಕಿದೆ. ಬಸ್ಸು ಬಿಟ್ಟು ಹೋಯಿತು ಎಂದು ನಾನೇ ಹೇಳಿದ್ದೆ. ಹೋದ ಬಸ್ಸಿಗೆ ಯಾರು ಸ್ಟ್ಯಾಂಡಿಗೆ ಹೋಗುತ್ತಾರೆ ಎಂಬುದು ನನಗೆ ಹೊಳೆಯಲಿಲ್ಲ. ಅವರು ಹುಬ್ಬಳ್ಳಿ ರಸ್ತೆ ಹಿಡಿದು ನಡೆದಿದ್ದರು.

1 ಗಂಟೆಗೆ ನೇತ್ರಾ ಬಂದು ಬಾಗಿಲು ನೋಡಿ ಕೂಗಿಕೊಂಡಳು. ಊರೆಲ್ಲ ಹುಡುಕಿತು. ನಾನೂ ಅವರ ಜೊತೆ ಹುಡುಕಿದೆ, ಬಾಯಿ ಬಿಡಲಿಲ್ಲ. 4-40ಕ್ಕೆ ನಮ್ಮೂರಿನ ರೈತ ಶಿವಾಜಿ ತನ್ನ ಕಡಲೆ ಹೊಲದ ಕೃಷಿಹೊಂಡದಲ್ಲಿ ಅವರನ್ನು ಕಂಡ. ಊರಿನಿಂದ ಒಂದೂವರೆ ಕಿಲೋಮೀಟರ್. ದಂಡೆಗೆ ಹಾಸಿದ ಪ್ಲಾಸ್ಟಿಕ್ ಜಾರುತ್ತದೆ, ನೀರು ಕುಡಿಯಲು ಇಳಿದಿರಬೇಕು ಎಂದರು. ಅಕ್ಕ ಚಪ್ಪಲಿಗಳನ್ನು ದಂಡೆಯ ಮೇಲೆ ಜೋಡಿಸಿ ಇಟ್ಟಿದ್ದರು, ಯಾರದೋ ಮನೆಯೊಳಗೆ ಹೋಗುವವರ ಹಾಗೆ.

ಮಣ್ಣು ಕೊಟ್ಟು ಬಂದ ಮೇಲೆ ಮಂದಿಯ ಮುಂದೆ ಈರೇಶ ಹೆಂಡತಿಗೆ, ಕೀಲಿ ಹಾಕೂದು ಮರತು ನಮ್ಮವ್ವನ್ನ ತಿಂದಿ ಅಂತ ಹೇಳಿದ. ಹಾಕೇನಿ, ಎಳದು ನೋಡೇನಿ ಅಂತ ಅವಳು ಹೇಳಿದಳು. ಎದುರು ಮನೆಯ ಗೌರಕ್ಕ, ಅಂಗನವಾಡ್ಯಾಗ ಇಪ್ಪತ್ತು ಹುಡುಗರನ್ನ ಎಣಿಸಿ ಕಾಯ್ತಿ, ಮನಿಯಾಗ ಒಂದು ಮುದುಕಿ ನಿನಗ ಹೆಚ್ಚಾತು ಅಂತ ಅಂದಳು. ನಾನು ಅಲ್ಲಿಂದ ನಾಲ್ಕು ಮೊಳ ದೂರದಲ್ಲಿ ಕೂತಿದ್ದೆ.

26ರಂದು ಭಾನುವಾರ ಸಂಜೆ 5 ಗಂಟೆಗೆ ನೇತ್ರಾ ಆ ಕೀಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದಳು. ಕಾಕಾ, ಇದು ಕೆಟ್ಟೈತೇನು ನೋಡ್ರಿ, ಹಾಕಿದ್ದು ತಾನs ಬಿಚ್ಚಿಕೊಳ್ತೈತೇನು ಅಂತ ಕೇಳಿದಳು. ನಾನು ಚಾವಿ ಹಾಕಿ ನಾಲ್ಕು ಸಲ ತಿರುಗಿಸಿ, ಕಿವಿಗೆ ಹಿಡಿದು, ನೋಡುವ ನಾಟಕ ಮಾಡಿದೆ. ಕೀಲಿ ಬರೋಬ್ಬರಿ ಐತಿ ಅಂತ ಹೇಳಿದೆ. ನಾನು ಮಾರಿದ ಸಾಮಾನು ಕೆಟ್ಟಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನಿಜ ಹೇಳಲೂ ಬರಲಿಲ್ಲ. ಅವಳು ಕೀಲಿಯನ್ನು ತಿರುಗಿ ಸೆರಗಿನಲ್ಲಿ ಸುತ್ತಿಕೊಂಡಳು. ಹಂಗಾರ ನಾನs ಹಾಕಿಲ್ರಿ, ಎಳದು ನೋಡಿದ್ದು ಹಿಂದಿನ ದಿನದ್ದು ಇರಬೇಕು, ನನಗೂ ಅತ್ತಿದೇ ಬ್ಯಾನಿ ಹತ್ತೇತಿ ಕಾಣ್ತೈತಿ ಅಂತ ಹೇಳಿ ಹೋದಳು. ಮರುದಿನ ಇಲ್ಲಿ ಬಂದು ಹಾಗೇ ಬರೆಸಿ, ಕೀಲಿಯನ್ನೂ ಚಾವಿಯನ್ನೂ ಕೊಟ್ಟು ಹೋಗಿದ್ದಾಳೆ.

28ರಂದು ಈರೇಶ ಅವಳನ್ನು ಶಲವಡಿಗೆ, ತವರಿಗೆ ಬಿಟ್ಟು ಬಂದ. ಮಕ್ಕಳನ್ನು ಜೊತೆಗೆ ಕಳಿಸಲಿಲ್ಲ. ನಿನ್ನೆ ಸಂಜೆ ನಾನು ರೊಟ್ಟಿ ಮುರಿದು ತಾಟಿನಲ್ಲೇ ಬಿಟ್ಟೆ. ನಸೀಮಾಬಿ ಕೇಳಿದಳು. ಹೇಳಿದೆ. ಅವಳು ಬೈಯಲಿಲ್ಲ. ನನ್ನ ಕಿಸೆಯ ಮಾತಿಗೆ ಹಿಂಗಾತು ಅಂತ ಅತ್ತಳು. ಅವಳದೇನೂ ತಪ್ಪಿಲ್ಲ, ಅವಳನ್ನು ಯಾರೂ ಕರೆಸಬಾರದು. ಇಂದು ಬೆಳಿಗ್ಗೆ ಒಳ್ಳೆಯ ಅಂಗಿಯನ್ನು ಅವಳೇ ತಂದು ಕೊಟ್ಟು, ಹೋಗಿ ಬರ್ರಿ ಅಂದಳು.

ಸಾಹೇಬರು ನನ್ನ ಮಾತು ನಂಬಲಿಲ್ಲ. ನಂಬಬೇಡಿ, ಕೀಲಿ ಕೊಡಿ ಅಂತ ಹೇಳಿದೆ. ಠಾಣೆಯಲ್ಲಿ ಇಟ್ಟಿದ್ದ ಆ ಕೀಲಿಯನ್ನು ಹಾಕಿ, ಚಾವಿ ತೆಗೆದುಕೊಂಡು, ಇಬ್ಬರು ಪಂಚರ ಮುಂದೆ ಕೊಟ್ಟರು. ತೆಳು ಕಡ್ಡಿಯಿಂದ ಒಂದು ನಿಮಿಷ ಹತ್ತು ಸೆಕೆಂಡಿನಲ್ಲಿ ತೆಗೆದೆ. ಹಾಕಲು ಆಗುವುದಿಲ್ಲ ಎಂದು ತೋರಿಸಿದೆ. ಆಮೇಲೆ ದಪ್ಪನೆಯದರಿಂದ ಕೀಲಿ ಹಾಕಿದೆ. ಬಿತ್ತು. ಎರಡೂ ಡಬ್ಬಿಗಳನ್ನು ಕಡ್ಡಿಗಳ ಸಮೇತ ಮೇಜಿನ ಮೇಲೆ ಇಟ್ಟಿದ್ದೇನೆ. ನನಗೆ ತಿರುಗಿ ಬೇಡ.

ನನಗೆ ಏನು ಶಿಕ್ಷೆ ಇದೆಯೋ ಕೊಡಿ, ಅದನ್ನು ಕೇಳಲು ಬಂದಿಲ್ಲ. ಬಂದದ್ದು ಒಂದೇ ಕೆಲಸಕ್ಕೆ. ಈ ಕಾಗದವನ್ನು ಶಲವಡಿಗೆ ಒಯ್ದು, ಈರೇಶನನ್ನು ಪಕ್ಕದಲ್ಲಿ ನಿಲ್ಲಿಸಿ, ನೇತ್ರಾಳಿಗೆ ಓದಿ ಹೇಳಬೇಕು. ಕೀಲಿ ಕೆಟ್ಟಿಲ್ಲ ಎಂದು ನಾನು ಹೇಳಿದ್ದು ನಿಜ. ಅವಳ ನೆನಪೂ ಕೆಟ್ಟಿಲ್ಲ. ಅವಳು ಎಳೆದು ನೋಡಿದ್ದು ಹಿಂದಿನ ದಿನವಲ್ಲ, ಅಂದೇ, 9-20ಕ್ಕೆ, ಮೂರು ಸಲ.

ಬರೆದದ್ದನ್ನು ನನಗೆ ಓದಿ ಹೇಳಿದರು. ಚಹಾ ಕುಡಿದ ಮಾತು ಬಿಟ್ಟಿದ್ದರು, ಹಾಕಿಸಿದೆ. ಈಗ ನಾನು ಹೇಳಿದಷ್ಟೂ ಇದೆ, ಹೇಳದ್ದು ಇಲ್ಲ. ಯಾರ ಹೆದರಿಕೆಯಿಂದಲೂ ಹೇಳಿಲ್ಲ. ಹೆದರಿಕೆಯಿಂದ ಒಂಬತ್ತು ದಿನ ಹೇಳದೆ ಇದ್ದೆ.

ಸ್ಥಳ: ಪೊಲೀಸ್ ಠಾಣೆ, ನವಲಗುಂದ
ದಿನಾಂಕ: 30-01-2025, ಮಧ್ಯಾಹ್ನ 1-00

(ಸಹಿ) ಮಾಬುಸಾಬ ಅ. ನದಾಫ