ಮೊದಲ ಬೂಟು ಹಿರಿಯನದು

ಒಂದು ಹಿಮಬೆಟ್ಟದ ನೆತ್ತಿಯ ಮೇಲೆ ಒಂದು ಕಾವಲು ಠಾಣೆ. ಆ ಠಾಣೆಗೆ ಒಬ್ಬ ಸುಬೇದಾರ. ಹೆಸರು ಬೇಡ ತಾಯಂದಿರೇ. ಹೆಸರು ಹೇಳಿದರೆ ಅವನು ಬೇರೆ ಯಾರದೋ ಮನೆಯವನಾಗಿಬಿಡುತ್ತಾನೆ.

ಅಲ್ಲಿನ ಚಳಿ ಎಂಥದ್ದು ಗೊತ್ತೇ? ಮೊದಲು ಕಾಲು ನೋಯುತ್ತದೆ. ಆಮೇಲೆ ನೋವು ನಿಲ್ಲುತ್ತದೆ. ಸದ್ಯ, ನಿಂತಿತಲ್ಲ ಎಂದುಕೊಳ್ಳುತ್ತಾನೆ ಮನುಷ್ಯ. ನೋಡಿ, ಅಪಾಯ ಇರುವುದು ಅಲ್ಲೇ. ನೋವು ನಿಂತ ಕಾಲು ಸಾಯಲು ಹೊರಟ ಕಾಲು.

ಅದಕ್ಕೇ ಸುಬೇದಾರ ಒಂದು ನಿಯಮ ಮಾಡಿದ್ದ. ದಿನಾ ಸಂಜೆ ಸೈನಿಕರು ಇಬ್ಬಿಬ್ಬರಾಗಿ ಕೂತು ಬೂಟು ಬಿಚ್ಚಬೇಕು. ಒಬ್ಬನ ಪಾದವನ್ನು ಇನ್ನೊಬ್ಬ ನೋಡಬೇಕು. "ನೋವಿಲ್ಲ ಅಂದಾವನ ಕಾಲ ಮೊದಲ ನೋಡ್ರಿ" ಎನ್ನುತ್ತಿದ್ದ. ಪಾದ ಇನ್ನೊಬ್ಬನ ಕೈಗೆ ಕೊಟ್ಟ ಮೇಲೆ ಮಾತೂ ಬರುತ್ತಿತ್ತು: ಮಗುವಿನ ಜ್ವರ, ಹೆಂಡತಿಯ ಮುನಿಸು, ಬೀಳುವ ಕೆಟ್ಟ ಕನಸು. ಒಳ್ಳೆಯ ನಿಯಮ. ಆದರೆ ಸುಬೇದಾರನ ಪಾದ ನೋಡುವವರು ಯಾರು? ಹಿರಿಯರ ಕಾಲು ಮುಟ್ಟಿ ನಮಸ್ಕರಿಸುತ್ತೇವೆ. ಬೂಟು ಬಿಚ್ಚಿ ನೋಡುತ್ತೇವೆಯೇ?

ಒಂದು ದಿನ ಅವನು ಗಸ್ತಿಗೆ ಕಳಿಸಿದ ಸಿಪಾಯಿಯೊಬ್ಬ ಹಿಮ ಕುಸಿದು ಸತ್ತ. ಅಂದಿನಿಂದ ಸುಬೇದಾರ ಹೆಚ್ಚು ನಕ್ಕ, ಹೆಚ್ಚು ಹೊತ್ತು ಹೊರಗೆ ಕಾವಲು ನಿಂತ. ಯಾರು ಕೇಳಿದರೂ ಒಂದೇ ಉತ್ತರ: "ಆರಾಮ ಅದೀನಿ."

ಒಂದು ಬೆಳಿಗ್ಗೆ ಎಲ್ಲರೂ ಒಲೆಯ ಸುತ್ತ ಕೂತು ಚಹಾ ಕುಡಿಯುತ್ತಿದ್ದರು. ರಬ್ಬರು ಸುಟ್ಟ ವಾಸನೆ ಬಂತು. ಸುಬೇದಾರನ ಬೂಟು ಒಲೆಗೆ ತಾಗಿ ಹೊಗೆಯಾಡುತ್ತಿದೆ. ಅವನು ಕಾಲು ಎಳೆದುಕೊಳ್ಳಲಿಲ್ಲ. ಚಹಾ ಕುಡಿಯುತ್ತಲೇ ಇದ್ದಾನೆ!

"ಸಾಹೇಬ್ರ, ಬೂಟ ಸುಡಾಕತ್ತೈತ್ರಿ" ಎಂದ ಎದುರಿಗಿದ್ದ ಹವಾಲ್ದಾರ.

"ಸುಡಲಿ ಬಿಡೋ. ನಿನ್ನ ಅಡಗಿ ಪಾಳಿ ದಿನದ ರೊಟ್ಟಿಗಿಂತ ಕಡಿಮೀನ ಸುಟ್ಟೈತಿ."

ಎಲ್ಲರೂ ನಕ್ಕರು. ಹವಾಲ್ದಾರ ನಗಲಿಲ್ಲ. ಎದ್ದು ಬಂದು ಅವನ ಮುಂದೆ ನೆಲದ ಮೇಲೆ ಕೂತ. "ಕಾಲ ಕೊಡ್ರಿ."

"ಏಳೋ ಮ್ಯಾಲ. ನನಗೇನ ನೋವಿಲ್ಲ."

ನಗು ನಿಂತಿತು. ನೋವಿಲ್ಲ! ಆ ಮಾತು ಅವನ ಬಾಯಿಂದಲೇ ಬಂದಿತ್ತು.

"ಹುಕುಂ ನಿಮ್ದ ಐತ್ರಿ, ಸಾಹೇಬ್ರ."

"ಬಿಚ್ಚಿದರ ನನ್ನ ಕೆಳಗ ಕಳಸ್ತಾರೋ. ಇವರನ್ನ ಯಾರು ನೋಡ್ಕೋತಾರ?"

"ಬಿಚ್ಚಲಿಲ್ಲಂದ್ರ ಕಾಲ ಕತ್ತರಸ್ತಾರ್ರಿ. ಆವಾಗ ಯಾರು ನೋಡ್ಕೋತಾರ?"

ಸುಬೇದಾರ ಕಾಲು ಚಾಚಿದ. ಬೆರಳುಗಳು ಮೇಣದ ಹಾಗೆ ಬಿಳುಪು. ಹವಾಲ್ದಾರ ತನ್ನ ಅಂಗಿ ಮೇಲೆತ್ತಿ ಆ ತಣ್ಣನೆಯ ಪಾದವನ್ನು ಹೊಟ್ಟೆಗೆ ಒತ್ತಿಕೊಂಡ. ಬಿಸಿ ಹತ್ತಿತು. ಬಿಸಿಯ ಹಿಂದೆಯೇ ನೋವು ಬಂತು. ಸುಬೇದಾರ ಚೀರಿದ. ಚೀರುತ್ತ ಚೀರುತ್ತ ಅತ್ತ: "ಅವನ್ನ ನಾನ ಕಳಿಸಿದ್ನೋ! ಅವತ್ತ ಅವನ ಪಾಳಿ ಇರಲಿಲ್ಲೋ!"

ಅವನನ್ನು ಕೆಳಗೆ ಆಸ್ಪತ್ರೆಗೆ ಕಳಿಸಿದರು. ಎರಡು ಬೆರಳು ಹೋದವು, ಕಾಲು ಉಳಿಯಿತು. ಮನಸ್ಸಿನ ವೈದ್ಯರ ಮುಂದೆಯೂ ಕೂತ. ಆಮೇಲೆ ಹೊಸ ಸಿಪಾಯಿಗಳಿಗೆ ತರಬೇತಿ ಕೊಡುವ ಕೆಲಸಕ್ಕೆ ಹೋದ. ನಿಯಮ ಹಳೆಯದೇ, ಸೇರಿಸಿದ್ದು ಒಂದೇ ಮಾತು: ಮೊದಲ ಬೂಟು ಹಿರಿಯನದು. ತಾನೇ ಮೊದಲು ಬಿಚ್ಚಿ, ಎರಡು ಬೆರಳಿಲ್ಲದ ಪಾದವನ್ನು ಆ ಹುಡುಗರ ಮುಂದೆ ಚಾಚುತ್ತಿದ್ದ.

ಈಗ ನಿಮ್ಮನ್ನು ಕೇಳುತ್ತೇನೆ. ನಮ್ಮೂರಿನ ಎಷ್ಟು ಮನೆಗಳಿಂದ ಮಕ್ಕಳು ಸೈನ್ಯಕ್ಕೆ ಹೋಗಿದ್ದಾರೆ! ರಜೆಗೆ ಬಂದವನನ್ನು ಹೊಸ್ತಿಲಲ್ಲೇ ಕೇಳುತ್ತೀರಿ, "ಆರಾಮ ಅದಿಯೇನಪಾ?" ಅವನು "ಆರಾಮ" ಎನ್ನುತ್ತಾನೆ. ನೀವು ಹೋಳಿಗೆಗೆ ಬೇಳೆ ಇಡಲು ಒಳಗೆ ಹೋಗುತ್ತೀರಿ. ಅದು ಪ್ರಶ್ನೆಯೇ? ಒಂದೇ ಉತ್ತರಕ್ಕೆ ಜಾಗ ಬಿಟ್ಟು ಕೇಳಿದ್ದು ಪ್ರಶ್ನೆಯೇ? ಬಾಗಿಲು ಬಡಿದರೆ ಅವನು ಬೆಚ್ಚುತ್ತಾನೆ. ಮಗಳು ತೊಡೆಯೇರಿದರೂ ಗೋಡೆ ನೋಡುತ್ತಾನೆ. ಬೂಟು ಸುಡುತ್ತಿದೆ, ತಾಯಿ. ನಾವು ಚಹಾ ಕುಡಿಯುತ್ತಿದ್ದೇವೆ.

ಆ ಕಂಬಕ್ಕೆ ಒರಗಿ ಕೂತ ನಿವೃತ್ತ ಸೈನಿಕರೇ, ನಿಮಗೂ ಹೇಳುತ್ತಿದ್ದೇನೆ. ಅಪ್ಪ ಎಂದೂ ಬೂಟು ಬಿಚ್ಚದ ಮನೆಯಲ್ಲಿ ಮಗ ಬಿಚ್ಚುತ್ತಾನೆಯೇ? ಇವತ್ತು ಅವನ ಪಕ್ಕ ಕೂತುಕೊಳ್ಳಿ. "ನನಗೂ ನಿದ್ದಿ ಹತ್ತತಿರಲಿಲ್ಲೋ ಮಗಾ" ಎನ್ನಿ. ಆಮೇಲೆ ಕೇಳಿ. ಕೇಳಿದ ಮೇಲೆ ಎದ್ದು ಹೋಗಬೇಡಿ. ವೈದ್ಯರ ಹತ್ತಿರ ಹೋಗಬೇಕೆಂದರೆ ನೀವೇ ಜೊತೆಗೆ ಹೋಗಿ, ಊರವರ ಕಣ್ಣೆದುರೇ ಹೋಗಿ. ಅವನು "ಆರಾಮ" ಎಂದನೇ? ಇನ್ನೂ ಸ್ವಲ್ಪ ಹತ್ತಿರ ಕೂತುಕೊಳ್ಳಿ.